‘ಬಂಡವಾಳ’ ಗ್ರಂಥದಲ್ಲಿ ಇಲ್ಲದ ಮಾತುಗಳು

ಕಲಬುರಗಿಯ ಜಗತ್ ವೃತ್ತದಲ್ಲಿ ಅಂಬೇಡ್ಕರ್ ಪ್ರತಿಮೆಯ ಬಳಿ ಸೇರಿ ಮೆರವಣಿಗೆ ಹೊರಡುವವರ ಭಾಷಣಗಳಲ್ಲಿ ಕಾರ್ಲ್ ಮಾರ್ಕ್ಸ್ ಹೆಸರು ಆಗಾಗ ಕೇಳಿಬರುತ್ತದೆ. ಆದರೆ ಆತನ ‘ದಾಸ್ ಕ್ಯಾಪಿಟಲ್’ ಅಥವಾ ‘ಬಂಡವಾಳ’ ಓದಿದವರು ಕಡಿಮೆ, ಅದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವರು ಬಹಳ. ಹೊಗಳುವವರೂ ಬೈಯುವವರೂ ಅದರಲ್ಲಿ ಇಲ್ಲದ ಮಾತುಗಳನ್ನೇ ಅದಕ್ಕೆ ಅಂಟಿಸಿದ್ದಾರೆ. 1867ರಲ್ಲಿ ಹ್ಯಾಂಬರ್ಗ್‌ನಲ್ಲಿ ಪ್ರಕಟವಾದ ಮೊದಲ ಸಂಪುಟ ಕಷ್ಟದ ಪುಸ್ತಕ, ನಿಜ. ಆ ಕಷ್ಟದ ಅರ್ಧ ಪಾಲು ನಾವು ತಲೆಯಲ್ಲಿ ತುಂಬಿಕೊಂಡು ಹೋಗುವ ತಪ್ಪು ಕಲ್ಪನೆಗಳದ್ದು.

‘ಅದು ಕಮ್ಯುನಿಸ್ಟ್ ಸರ್ಕಾರ ನಡೆಸುವ ಕೈಪಿಡಿ’ ಎಂಬುದು ಮೊದಲನೆಯದು. ಅಲ್ಲ. ಗ್ರಂಥದ ಉಪಶೀರ್ಷಿಕೆಯೇ ‘ರಾಜಕೀಯ ಅರ್ಥಶಾಸ್ತ್ರದ ವಿಮರ್ಶೆ’. ನೂರಾರು ಪುಟಗಳಲ್ಲಿ ಮುಂದಿನ ಸಮಾಜದ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ಈಗ ನಡೆಯುತ್ತಿರುವ ವ್ಯವಸ್ಥೆಯ ಒಳಗಿನ ಚಲನೆ.

‘ಲಾಭ ಅಂದರೆ ಮೋಸ, ಮಾರ್ಕ್ಸ್ ಹೇಳಿದ್ದು ಅದನ್ನೇ’

ಎಲ್ಲಕ್ಕಿಂತ ಆಳವಾಗಿ ಬೇರೂರಿದ ಕಲ್ಪನೆ ಇದು. ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಇಳಿಸಿದ ರೈತನಿಗೆ ತೂಕದಲ್ಲಿ, ಸವಾಲಿನಲ್ಲಿ, ಕಡಿತದಲ್ಲಿ ಅನ್ಯಾಯ ಆಗಬಹುದು. ಅದರ ವಿರುದ್ಧ ಸಿಟ್ಟು ಬರುವುದೂ ನ್ಯಾಯವೇ. ಮಾರ್ಕ್ಸ್ ಮಾತ್ರ ಈ ದಾರಿಯನ್ನು ಬೇಕೆಂದೇ ಬಿಡುತ್ತಾನೆ. ಒಬ್ಬ ಇನ್ನೊಬ್ಬನಿಗೆ ಟೋಪಿ ಹಾಕಿದರೆ ಹಣ ಈ ಕಿಸೆಯಿಂದ ಆ ಕಿಸೆಗೆ ಹೋಗುತ್ತದೆ, ಊರಿನ ಒಟ್ಟು ಮೌಲ್ಯ ಒಂದು ಪೈಸೆಯೂ ಹೆಚ್ಚುವುದಿಲ್ಲ. ಆದ್ದರಿಂದ ಆತನ ಪ್ರಶ್ನೆ ಇನ್ನೂ ಬಿಗಿಯಾದದ್ದು: ಯಾರೂ ಮೋಸ ಮಾಡದೆ, ಪ್ರತಿ ಸರಕೂ ಅದರ ಮೌಲ್ಯಕ್ಕೇ ಮಾರಾಟವಾದರೂ ಲಾಭ ಎಲ್ಲಿಂದ ಹುಟ್ಟುತ್ತದೆ?

ಕಲಬುರಗಿಯ ಒಂದು ದಾಲ್ ಮಿಲ್ ತಗೊಳ್ಳಿ. ಅಂಕಿಗಳು ಬರೀ ಲೆಕ್ಕಕ್ಕಾಗಿ. ಒಬ್ಬ ಕಾರ್ಮಿಕನ ದಿನದ ಕೆಲಸಕ್ಕೆ ಬೇಕಾದ ತೊಗರಿ, ಕರೆಂಟು, ಯಂತ್ರದ ಸವೆತ ಸೇರಿ 10,000 ರೂಪಾಯಿ. ಕೂಲಿ 500. ಎಂಟು ತಾಸಿನಲ್ಲಿ ತಯಾರಾದ ಬೇಳೆ, ನುಚ್ಚು, ಹೊಟ್ಟು ಮಾರಿದರೆ 11,000. ತೊಗರಿ ಮತ್ತು ಯಂತ್ರ ತಮ್ಮಲ್ಲಿದ್ದ 10,000ವನ್ನಷ್ಟೇ ಬೇಳೆಗೆ ದಾಟಿಸಿದವು. ಹೊಸದಾಗಿ ಸೇರಿದ 1,000 ರೂಪಾಯಿ ಎಂಟು ತಾಸಿನ ದುಡಿಮೆಯದು, ಅಂದರೆ ತಾಸಿಗೆ 125. ನಾಲ್ಕು ತಾಸಿಗೇ ಕೂಲಿಯ 500 ತೀರಿತು. ಉಳಿದ ನಾಲ್ಕು ತಾಸಿನ 500 ಮಿಲ್ಲಿಗೆ ಉಳಿಯಿತು. ಇದೇ ಹೆಚ್ಚುವರಿ ಮೌಲ್ಯ. ಜಾಗದ ಬಾಡಿಗೆ, ಸಾಲದ ಬಡ್ಡಿ, ವ್ಯಾಪಾರಿಯ ಪಾಲು, ಮಾಲೀಕನ ಲಾಭ ಎಲ್ಲವೂ ಹರಿಯುವುದು ಇದರಿಂದಲೇ ಎನ್ನುತ್ತಾನೆ ಮಾರ್ಕ್ಸ್.

ಇಲ್ಲಿ ಕೂಲಿಯವನಿಗೆ ಮಾತಾಡಿಕೊಂಡ ಕೂಲಿ ಪೂರ್ತಿ ಸಿಕ್ಕಿದೆ, ತಕ್ಕಡಿಯೂ ಸರಿಯಿದೆ. ಮಾಲೀಕ ಕೊಂಡದ್ದು ಕಾರ್ಮಿಕನ ಒಂದು ದಿನದ ದುಡಿಯುವ ಶಕ್ತಿಯನ್ನು. ಆತ ಮರುದಿನ ಮತ್ತೆ ಗೇಟಿಗೆ ಬರಲು ಬೇಕಾದ ಅನ್ನ, ಬಟ್ಟೆ, ಮನೆ, ಮಕ್ಕಳ ಖರ್ಚಿನಿಂದ ಅದರ ಬೆಲೆ ನಿಶ್ಚಯವಾಗುತ್ತದೆ. ಆ ಶಕ್ತಿಯನ್ನು ಬಳಸಿದಾಗ ಎಷ್ಟು ಹೊಸ ಮೌಲ್ಯ ಹುಟ್ಟುತ್ತದೆ ಎಂಬುದು ಬೇರೆಯೇ ಲೆಕ್ಕ. ಇಷ್ಟು ಹಿಡಿತಕ್ಕೆ ಸಿಕ್ಕರೆ ಪುಸ್ತಕದ ಬೆನ್ನೆಲುಬು ಕೈಗೆ ಸಿಕ್ಕಂತೆ. ಮಾಲೀಕರೆಲ್ಲ ಸಜ್ಜನರಾದರೆ ಸಮಸ್ಯೆ ಮುಗಿಯುತ್ತದೆ ಎಂಬ ಆಸೆಗೆ ಇಲ್ಲಿ ಜಾಗವಿಲ್ಲ.

ದುಡಿಮೆಯ ತಾಸುಗಳ ಮೇಲೆ ಇಷ್ಟು ಜಗಳ ಏಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ‘ದುಡಿಮೆಯ ದಿನ’ ಎಂಬ ದೀರ್ಘ ಅಧ್ಯಾಯದಲ್ಲಿ ಮಾರ್ಕ್ಸ್, ಲೆನರ್ಡ್ ಹಾರ್ನರ್‌ನಂಥ ಇಂಗ್ಲೆಂಡಿನ ಸರ್ಕಾರಿ ಕಾರ್ಖಾನೆ ತನಿಖಾಧಿಕಾರಿಗಳ ವರದಿಗಳನ್ನೇ ಸಾಕ್ಷಿಗೆ ನಿಲ್ಲಿಸುತ್ತಾನೆ. ‘ಬರೀ ಸಿದ್ಧಾಂತ’ ಎಂದು ಪುಸ್ತಕವನ್ನು ಪಕ್ಕಕ್ಕಿಡುವವರು ಈ ಅಧ್ಯಾಯ ಓದಿರುವುದಿಲ್ಲ. ನಮ್ಮಲ್ಲಿ ಕಾರ್ಖಾನೆ ಕಾಯ್ದೆಗೆ 1946ರಲ್ಲಿ ಬಂದ ತಿದ್ದುಪಡಿ ಕಾರ್ಮಿಕರ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸಿತು. ಆ ಮಸೂದೆ ತಂದವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅಂಬೇಡ್ಕರ್. 2023ರಲ್ಲಿ ಕರ್ನಾಟಕ 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ನಿಜಾಮರ ಕಾಲದ ಎಂ.ಎಸ್.ಕೆ. ಮಿಲ್ ಇಂದು ಕಲಬುರಗಿಯಲ್ಲಿ ಬಡಾವಣೆಯ ಹೆಸರಾಗಿ ಉಳಿದಿರಬಹುದು, ತಾಸಿನ ಪ್ರಶ್ನೆ ಹಳೆಯದಾಗಿಲ್ಲ.

‘ಹೆಚ್ಚು ಹೊತ್ತು ದುಡಿದರೆ ಹೆಚ್ಚು ಮೌಲ್ಯ, ಬೆಲೆಯೆಲ್ಲ ಶ್ರಮದಿಂದಲೇ’

ಹಾಗಿದ್ದರೆ ಮೈಗಳ್ಳನ ಮಾಲೇ ತುಟ್ಟಿಯಾಗಬೇಕಿತ್ತು. ಮಾರ್ಕ್ಸ್ ಎಣಿಸುವುದು ಆ ಕಾಲದ ಸಾಧಾರಣ ಸಾಧನ, ಸಾಧಾರಣ ಕೌಶಲದಿಂದ ಸಮಾಜಕ್ಕೆ ತಗಲುವ ಸಮಯವನ್ನು. ಬೀಸುಕಲ್ಲಿನಲ್ಲಿ ದಿನವಿಡೀ ಒಡೆದ ಬೇಳೆಯೂ ಪೇಟೆಯಲ್ಲಿ ಮಿಲ್ಲಿನ ಬೇಳೆಯ ಅಳತೆಗೇ ತೂಗುತ್ತದೆ.

ಸಂಪತ್ತಿಗೆಲ್ಲ ಶ್ರಮವೇ ಮೂಲ ಎಂದೂ ಆತ ಹೇಳಿಲ್ಲ. ಶ್ರಮದಷ್ಟೇ ನಿಸರ್ಗವೂ ಮೂಲ ಎಂದು ಮೊದಲ ಅಧ್ಯಾಯದಲ್ಲೇ ಇದೆ. ಬಂಡವಾಳದ ಬೇಸಾಯ ದುಡಿಯುವವನ ಜತೆಗೆ ಮಣ್ಣಿನ ಸಾರವನ್ನೂ ಹೀರುತ್ತದೆ ಎಂಬ ಎಚ್ಚರಿಕೆ ಯಂತ್ರಗಳ ಅಧ್ಯಾಯದ ಕೊನೆಯಲ್ಲಿದೆ. ರಾಸಾಯನಿಕ ಗೊಬ್ಬರ ಹಾಕಿ ಹಾಕಿ ಎರೆಹೊಲ ಸೋತದ್ದನ್ನು ಕಂಡ ರೈತರು ಆ ಪುಟ ಓದಬೇಕು.

ಇನ್ನು ಬೆಲೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಬೇರೆ ಬಾಳೆಗಿಂತ ತುಟ್ಟಿ. ತೋಟದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ, ಆರೈಕೆ ಜಾಸ್ತಿ ಬೇಡುತ್ತದೆ, ಎಲ್ಲೆಂದರಲ್ಲಿ ಆ ರುಚಿ ಬರುವುದಿಲ್ಲ. ಇಂಥ ಬೆಲೆಯನ್ನು ದುಡಿಮೆಯ ತಾಸಿನಿಂದಷ್ಟೇ ವಿವರಿಸಲು ಮಾರ್ಕ್ಸ್ ಹೋಗುವುದಿಲ್ಲ. ಕೆಲವೇ ನೆಲದಲ್ಲಿ ಬೆಳೆಯುವ ವಿಶೇಷ ದ್ರಾಕ್ಷಿಯ ವೈನ್ ಉದಾಹರಣೆ ಕೊಟ್ಟು, ಅದರ ಬೆಲೆ ಕೊಳ್ಳುವವರ ಆಸೆ ಮತ್ತು ಶಕ್ತಿಯ ಮೇಲೆ ನಿಲ್ಲುತ್ತದೆ, ಹೆಚ್ಚಿನ ಗಳಿಕೆ ನೆಲದೊಡೆಯನ ಗೇಣಿಯಾಗಿ ಸೇರುತ್ತದೆ ಎಂದು ಮೂರನೆಯ ಸಂಪುಟದಲ್ಲಿ ವಿವರಿಸುತ್ತಾನೆ.

‘ನಮ್ಮ ನಾಡಿನ ಗಂಧವೇ ಆ ಪುಸ್ತಕಕ್ಕಿಲ್ಲ’

ಇದೆ, ಅದೂ ಕನ್ನಡ ನಾಡಿನದೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸವನ್ನು ಮಾರ್ಕ್ಸ್ ಅಡಿಟಿಪ್ಪಣಿಯಲ್ಲಿ ಹೆಸರಿಸುತ್ತಾನೆ. ಗೌಡ, ಲೆಕ್ಕ ಬರೆಯುವವ, ನೀರು ಹಂಚುವವ, ಕಮ್ಮಾರ, ಬಡಿಗ, ಕುಂಬಾರ, ಅಗಸ, ಕ್ಷೌರಿಕ ಎಂದು ಊರೇ ಸಾಕುವ ಹತ್ತು ಹನ್ನೆರಡು ಮಂದಿಯ ಪಟ್ಟಿ ಅಲ್ಲಿದೆ. ನಮ್ಮ ಆಯಗಾರರೇ ಅವರು. ಆದರೆ ಆ ಹಳ್ಳಿ ಕಾಲದಿಂದ ಕಾಲಕ್ಕೆ ಬದಲಾಗದೆ ನಿಂತಿತ್ತು ಎಂಬ ಆತನ ಚಿತ್ರವನ್ನು ನಾನು ಒಪ್ಪಲಾರೆ. ಊರ ಹೊರಗೆ ಇರಿಸಲ್ಪಟ್ಟವರ ಬಿಟ್ಟಿ ಚಾಕರಿಯ ಮಾತೂ ಆ ವರ್ಣನೆಯಲ್ಲಿಲ್ಲ. ಅಲ್ಲಿ ಮಾರ್ಕ್ಸ್‌ನನ್ನು ಬ್ರಿಟಿಷ್ ಅಧಿಕಾರಿಗಳ ವರದಿಗಳ ಓದುಗನಾಗಿಯೇ ನೋಡಬೇಕು.

‘ಮೊದಲ ಪುಟದಿಂದಲೇ ಶುರು ಮಾಡಬೇಕು’

ಸರಕು, ಮೌಲ್ಯ, ಹಣದ ಮೊದಲ ಭಾಗವೇ ಅತಿ ಕಠಿಣ, ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಪುಸ್ತಕ ಬಂದ ವರ್ಷವೇ ಗೆಳೆಯ ಕುಗೆಲ್‌ಮನ್‌ಗೆ ಬರೆದ ಪತ್ರದಲ್ಲಿ, ನಿನ್ನ ಹೆಂಡತಿ ಯಾವ ಭಾಗಗಳಿಂದ ಶುರು ಮಾಡಬಹುದೆಂದು ಮಾರ್ಕ್ಸ್ ತಾನೇ ತಿಳಿಸಿದ: ದುಡಿಮೆಯ ದಿನ; ಸಹಕಾರ, ಶ್ರಮವಿಭಜನೆ ಮತ್ತು ಯಂತ್ರಗಳು; ಕೊನೆಗೆ, ರೈತರನ್ನು ನೆಲದಿಂದ ಒಕ್ಕಲೆಬ್ಬಿಸಿ ಬಂಡವಾಳ ಮೊದಲು ಕೂಡಿಬಂದ ಕಥೆ. ಇವು ಮುಗಿದ ಮೇಲೆ ಮೊದಲ ಅಧ್ಯಾಯಕ್ಕೆ ಬಂದರೆ ಅದರ ಸೂತ್ರಗಳ ಹಿಂದೆ ಇರುವ ಮನುಷ್ಯರು ಕಾಣುತ್ತಾರೆ. ಎರಡನೆಯ, ಮೂರನೆಯ ಸಂಪುಟಗಳಿಗೆ ಅವಸರ ಬೇಡ. 1883ರಲ್ಲಿ ಮಾರ್ಕ್ಸ್ ತೀರಿಕೊಂಡಾಗ ಕರಡುಗಳಾಗಿಯೇ ಉಳಿದಿದ್ದ ಅವನ್ನು ಎಂಗೆಲ್ಸ್ ಸಂಪಾದಿಸಿ 1885 ಮತ್ತು 1894ರಲ್ಲಿ ತಂದ. ಗಂಜ್‌ನ ವ್ಯಾಪಾರಿಯ ಲಾಭ, ಸಾಲದ ಬಡ್ಡಿ, ಹೊಲದ ಗೇಣಿ ಬಿಡಿಬಿಡಿಯಾಗಿ ಅರ್ಥವಾಗಬೇಕೆಂಬವರು ಆಮೇಲೆ ಮೂರನೆಯದನ್ನು ತೆರೆಯಬಹುದು.