ಬಿಸಿನೀರಿನ ಈಜು: ಕಾಣದ ಅಪಾಯ

2010ರ ಅಕ್ಟೋಬರ್ 23ರಂದು ಸಂಯುಕ್ತ ಅರಬ್ ಸಂಸ್ಥಾನದ ಫುಜೈರಾ ಕಡಲಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪೆನ್ ದಡ ಸೇರಲಿಲ್ಲ. ವಯಸ್ಸು 26. ಹಿಂದಿನ ವರ್ಷವಷ್ಟೇ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ದೂರಕ್ಕೆ ಕಂಚು ಗೆದ್ದಿದ್ದವರು. ಅಂದು ನೀರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿತ್ತು. ಬಳಲಿದ ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ನೀರಿನ ಬಿಸಿ ಸಹಿಸಲಾಗಲಿಲ್ಲವೆಂದು ಸಹ ಈಜುಗಾರರೇ ದೂರಿದರು.

ನೀರಲ್ಲಿದ್ದರೂ ಮೈ ಕಾಯುವುದು ಹೇಗೆ? ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದದ್ದು ಶಾಖವಾಗುತ್ತದೆ. ಓಡುವವರಿಗೆ ಬೆವರು ಆರಿ ಮೈ ತಂಪಾಗುವ ದಾರಿಯಿದೆ. ಈಜುವವರೂ ಬೆವರುತ್ತಾರೆ, ಆದರೆ ಮುಳುಗಿದ ಮೈಯ ಮೇಲೆ ಬೆವರು ಆರುವುದಿಲ್ಲ. ಶಾಖ ಚರ್ಮದಿಂದ ನೇರವಾಗಿ ನೀರಿಗೇ ಹರಿಯಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಹಾಗಾಗಿ 26 ಡಿಗ್ರಿಯ ಕೊಳದಲ್ಲಿ ತೊಂದರೆಯಿಲ್ಲ. ಆದರೆ ನೀರು ಚರ್ಮದಷ್ಟೇ ಬಿಸಿಯಾಗುತ್ತ ಬಂದಂತೆ ಆ ಹರಿವು ಕುಗ್ಗುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಬೆವರು ಕಣ್ಣಿಗೆ ಕಾಣದ್ದರಿಂದ ಬಾಯಾರಿಕೆಯ ಕಡೆಗೂ ಗಮನ ಹೋಗುವುದಿಲ್ಲ. ಒಳಮೈ 40 ಡಿಗ್ರಿ ದಾಟಿದರೆ ಬುದ್ಧಿ ಮಂಕಾಗುತ್ತದೆ. ದಾರಿಯಲ್ಲಿ ಓಟಗಾರ ಕುಸಿದರೆ ಯಾರಾದರೂ ನೋಡುತ್ತಾರೆ. ಈಜುಗಾರ ಪ್ರಜ್ಞೆ ತಪ್ಪಿದರೆ ಮುಳುಗುತ್ತಾನೆ.

ಕ್ರಿಪೆನ್ ಸಾವಿನ ಬಳಿಕ ಅಂತರರಾಷ್ಟ್ರೀಯ ಈಜು ಒಕ್ಕೂಟ ತೆರೆದ ನೀರಿನ ಸ್ಪರ್ಧೆಗೆ 31 ಡಿಗ್ರಿಯ ಮೇಲ್ಮಿತಿ ಹಾಕಿತು. ಒಳ್ಳೆಯ ಕ್ರಮವೇ, ಆದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಬಿಸಿಲು, ಸ್ಪರ್ಧೆಯ ಉದ್ದ, ಪಟುವಿನ ವೇಗ ಯಾವುದೂ ಆ ಒಂದು ಅಂಕಿಯಲ್ಲಿ ಸೇರಿಲ್ಲ. ಇತ್ತ ಕಡಲೂ ಕಾಯುತ್ತಿದೆ: 2023ರ ಜುಲೈನಲ್ಲಿ ಫ್ಲಾರಿಡಾದ ಮ್ಯಾನಟೀ ಕೊಲ್ಲಿಯ ತೇಲುಮಾಪಕವೊಂದು 38 ಡಿಗ್ರಿ ದಾಟಿದ ನೀರನ್ನು ದಾಖಲಿಸಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 10 ಕಿ.ಮೀ. ಈಜನ್ನು ಬೆಳಗಿನ ಆರೂವರೆಗೇ ಶುರುಮಾಡಬೇಕಾಯಿತು.

ಇದು ದೂರದ ಕಡಲಿಗಷ್ಟೇ ಸೀಮಿತವಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮೇಲ್ಛಾವಣಿಯಿಲ್ಲದ ಈಜುಕೊಳಗಳೂ ಕಾಯುತ್ತವೆ, ಬೇಸಿಗೆ ಶಿಬಿರಗಳು ನಡೆಯುವುದು ಆಗಲೇ. ತರಬೇತುದಾರರೇ, ಮಕ್ಕಳನ್ನು ಇಳಿಸುವ ಮೊದಲು ನೀರಿನ ತಾಪ ಅಳೆಯಿರಿ. ಬಿಸಿಯಾಗಿದ್ದರೆ ವೇಗದ ಸುತ್ತುಗಳನ್ನು ಬಿಡಿ, ಆಗಾಗ ಮೇಲೆ ಕರೆದು ನೀರು ಕುಡಿಸಿ. ಕೈಬೀಸು ಹದತಪ್ಪಿದರೆ, ತಲೆನೋವು, ವಾಕರಿಕೆ, ಗೊಂದಲ ಕಂಡರೆ ತಡಮಾಡದೆ ಹೊರತೆಗೆದು, ನೆರಳಲ್ಲಿ ಐಸ್‌ನೀರಿನಿಂದ ಮೈ ತಣಿಸುತ್ತಲೇ ಆಂಬುಲೆನ್ಸ್ ಕರೆಯಿರಿ.