ಬಚ್ಚಲಿನ ಗೀಸರ್, ಮಿದುಳಿನ ನ್ಯೂರೊಗ್ಲೋಬಿನ್

ಮುಂಬಯಿ ಬಳಿಯ ಡೊಂಬಿವಲಿ, ಕಲ್ಯಾಣದ ಹಳೆಯ ಕಟ್ಟಡಗಳಲ್ಲಿ ಬಚ್ಚಲೆಂದರೆ ಒಬ್ಬರು ನಿಲ್ಲುವಷ್ಟು ಜಾಗ. ಅದರಲ್ಲೇ ಗ್ಯಾಸ್ ಗೀಸರ್ ಇದ್ದು, ಚಳಿಗೆಂದು ಕಿಟಕಿಯನ್ನೂ ಮುಚ್ಚಿದರೆ ಉರಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಪೈಪ್ ಗ್ಯಾಸಾದರೂ ಸಿಲಿಂಡರಾದರೂ ಅಷ್ಟೇ. ಈ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಈ ಅನಿಲದ ಸೆಳೆತ ಇನ್ನೂರು ಪಟ್ಟಿಗೂ ಹೆಚ್ಚು. ಕಲ್ಯಾಣದಲ್ಲಿ ಲೋಕಲ್ ರೈಲಿನ ಸೀಟು ಹಿಡಿದವನು ಸಿಎಸ್‌ಎಂಟಿವರೆಗೆ ಏಳದ ಹಾಗೆ, ಒಮ್ಮೆ ಅಂಟಿದ ಅನಿಲ ಸುಲಭಕ್ಕೆ ಬಿಡುವುದಿಲ್ಲ. ಮೊದಲು ಸೋಲುವುದು ಮಿದುಳು: ತೂಕ ದೇಹದ ಶೇ. 2, ಆಮ್ಲಜನಕದ ಖರ್ಚು ಸುಮಾರು ಶೇ. 20. ತಲೆನೋವು, ವಾಂತಿ, ಪ್ರಜ್ಞೆ ತಪ್ಪುವುದು, ಕೆಲವೊಮ್ಮೆ ಫಿಟ್ಸ್. ಬೆಂಗಳೂರಿನ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2016ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ವೈದ್ಯರಿಗೆ ಗೀಸರ್ ವಿಷಯ ಹೇಳದಿದ್ದರೆ ಇದು ಮೂರ್ಛೆರೋಗವೆನಿಸಿಬಿಡಬಹುದು.

ರಕ್ತಕ್ಕೆ ಹಿಮೋಗ್ಲೋಬಿನ್ ಇರುವಂತೆ ಮಿದುಳಿಗೂ ಅದರದೇ ಗ್ಲೋಬಿನ್ ಒಂದಿದೆ. ಜರ್ಮನಿಯ ಮೈಂಜ್‌ನ ಬುರ್ಮೆಸ್ಟರ್, ಹಾಂಕೆಲ್ನ್ ಮತ್ತು ಸಂಗಡಿಗರು 2000ದಲ್ಲಿ ಗುರುತಿಸಿದ ನ್ಯೂರೊಗ್ಲೋಬಿನ್. ಅಮೈನೊ ಆಮ್ಲಗಳು 151. ನಡುವೆ ಹೀಮ್, ಅದರೊಳಗೆ ಕಬ್ಬಿಣದ ಒಂದು ಪರಮಾಣು. ಹಿಮೋಗ್ಲೋಬಿನ್‌ನಲ್ಲಿ ಈ ಕಬ್ಬಿಣದ ಒಂದು ಬದಿ ಖಾಲಿ ಇರುತ್ತದೆ, ಆಮ್ಲಜನಕ ನೇರ ಬಂದು ಕೂರುತ್ತದೆ. ಇಲ್ಲಿ ಎರಡೂ ಬದಿಯನ್ನು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳು ಹಿಡಿದಿವೆ. ಒಂದು ಸರಿದರಷ್ಟೇ ಆಮ್ಲಜನಕಕ್ಕೆ ದಾರಿ. ಅಕ್ಷಿಪಟಲದಲ್ಲಿ ಇದು ಹೇರಳ, ಮಿದುಳಿನ ಬಹುಭಾಗದಲ್ಲಿ ತೀರಾ ಕಡಿಮೆ. ಹಾಗಾಗಿ ಇದನ್ನು ಆಮ್ಲಜನಕದ ಉಗ್ರಾಣ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಉಸಿರು ಕಟ್ಟಿದಾಗ ನರಕೋಶಗಳನ್ನು ಸಾವಿನಿಂದ ಕಾಯುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಪುರಾವೆಗಳಿವೆ. ಹೇಗೆ ಎಂಬ ಚರ್ಚೆ ಮುಗಿದಿಲ್ಲ. ಬಚ್ಚಲಲ್ಲಿ ಬಿದ್ದವರನ್ನು ಅದು ಎಬ್ಬಿಸಲಾರದು.

ಆದರೆ ತಿದ್ದಿದ ನ್ಯೂರೊಗ್ಲೋಬಿನ್‌ನ ಮಾತು ಬೇರೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾರ್ಕ್ ಗ್ಲಾಡ್ವಿನ್ ತಂಡ ಆ ಎರಡರಲ್ಲಿ 64ನೇ ಜಾಗದ ಹಿಸ್ಟಿಡಿನ್ ತೆಗೆದು ಗ್ಲುಟಮಿನ್ ಇಟ್ಟಿತು, ಇನ್ನೂ ಕೆಲವು ಬದಲಾವಣೆ ಮಾಡಿತು. ಅದು ಕಾರ್ಬನ್ ಮೊನಾಕ್ಸೈಡನ್ನು ಹಿಮೋಗ್ಲೋಬಿನ್‌ಗಿಂತ ಸುಮಾರು 500 ಪಟ್ಟು ಬಿಗಿಯಾಗಿ ಹಿಡಿದು ಕಿತ್ತುಕೊಂಡಿತು. 2016ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ವಿಷವೇರಿದ ಇಲಿಗಳಲ್ಲಿ ಹೆಚ್ಚಿನವು ಉಳಿದವು. ಪ್ರೋಟೀನು ಮೂತ್ರದಲ್ಲಿ ಹೊರಹೋಯಿತು.

ಠಾಣೆ, ನವಿ ಮುಂಬಯಿಯ ಆಸ್ಪತ್ರೆಗೆ ಹೋದರೆ ಸಿಗುವ ಮದ್ದು ಮಾತ್ರ ಶುದ್ಧ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ವಿಷ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ, ಮಾಸ್ಕ್ ಹಾಕಿದರೆ ಒಂದು–ಒಂದೂವರೆ ಗಂಟೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಬೇಡಿ: ವಿಷ ಹಿಡಿದ ರಕ್ತವನ್ನೂ ಅದು ಒಳ್ಳೆಯದೆಂದೇ ಓದಿ 98 ತೋರಿಸೀತು. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅಳೆಯುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಕೇಳಿ.

ಯಾರಾದರೂ ಬಿದ್ದರೆ ಬಾಗಿಲು ತೆರೆದು ಹೊರಗೆಳೆಯಿರಿ, ಗೀಸರ್ ಆರಿಸಿ, 108ಕ್ಕೆ ಕರೆ ಮಾಡಿ. ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇರಲಿ. ಸದ್ಯಕ್ಕೆ ಅದಾಗದಿದ್ದರೆ ಬಾಗಿಲು ತೆರೆದೇ ಬಕೆಟ್ ತುಂಬಿಸಿ, ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ.