ಸುಟ್ಟ ತೆಂಗಿನ ತೋಟ: ಗರಗಸ ತರೋ ಮೊದಲು ಸುಳಿ ನೋಡಿ

ಮೂರು ವರ್ಷದ ಹಿಂದೆ ಮಾರ್ಚ್‌ನಲ್ಲಿ ಅರಸೀಕೆರೆ ತಾಲ್ಲೂಕಿನ ನಮ್ಮ ತೋಟಕ್ಕೆ ಬೆಂಕಿ ಬಿತ್ತು. ಹಚ್ಚಿದ್ದು ಬೇರೆ ಯಾರೂ ಅಲ್ಲ, ನಾನೇ. ಬದುವಿನ ಒಣಹುಲ್ಲು ಸುಡೋಣ ಅಂತ ಕಡ್ಡಿ ಗೀರಿದೆ. ಗಾಳಿ ತಿರುಗಿತು. ಉದುರಿದ ಗರಿ ಹಿಡಿದುಕೊಂಡು ಬೆಂಕಿ ಮರ ಹತ್ತಿತು. ಅಗ್ನಿಶಾಮಕದವರು ಬಂದು ಆರಿಸೋ ಹೊತ್ತಿಗೆ 38 ಮರ ಕಪ್ಪಾಗಿದ್ದವು, ಡ್ರಿಪ್ ಪೈಪ್ ಕರಗಿ ಹೋಗಿತ್ತು.

ಮಾರನೇ ದಿನವೇ ಮರ ಕೊಳ್ಳೋರು ಬಂದರು. "ಇವೇನೂ ಉಳಿಯಲ್ಲ, ಈಗಲೇ ಕೊಟ್ಟುಬಿಡಿ" ಅಂದರು. ತಪ್ಪು ಮಾಡಿದವನಿಗೆ ಆ ಕಪ್ಪು ಮರ ನೋಡೋದೇ ಹಿಂಸೆ. 5 ಮರ ಕಡಿಸಿದೆ. ಆರನೇದಕ್ಕೆ ಗರಗಸ ಇಡುವಾಗ ಅಪ್ಪ ಬಂದು, "ನಿಲ್ಸೋ, ಸುಳಿ ನೋಡಿದೀಯೇನೋ?" ಅಂದರು. ನೋಡಿರಲಿಲ್ಲ. ಬಿದ್ದ ಮರಗಳ ತಲೆ ಸೀಳಿ ನೋಡಿದರೆ ಮೂರರಲ್ಲಿ ಸುಳಿ ಬೆಣ್ಣೆಯಂತೆ ಬೆಳ್ಳಗಿತ್ತು. ಅಪ್ಪ ಏನೂ ಮಾತಾಡದೆ ಮನೆ ಕಡೆ ಹೋದರು.

ಕಾಂಡ ಕಪ್ಪಾದರೆ ಮರ ಸತ್ತಂತಲ್ಲ

ಮಾವು, ಹಲಸಿನಲ್ಲಿ ಜೀವಂತ ಪದರ ತೊಗಟೆಯ ಕೆಳಗೇ ಇರುತ್ತೆ. ಬುಡದ ಸುತ್ತ ಅದು ಬೆಂದರೆ ಮರ ಹೋಯಿತು. ತೆಂಗು ಹಾಗಲ್ಲ. ನೀರು, ಆಹಾರ ಸಾಗಿಸೋ ನಾಳಗಳು ಕಾಂಡದ ಒಳಗೆಲ್ಲ ಹರಡಿರುತ್ತವೆ. ಹೊರಮೈ ಸುಟ್ಟರೂ ಒಳಗೆ ಕೆಲಸ ನಡೆಯುತ್ತೆ. ಆದರೆ ತೆಂಗಿಗೆ ಇರೋದು ಒಂದೇ ಸುಳಿ. ಅದು ಬೆಂದರೆ ಪಕ್ಕದಿಂದ ಇನ್ನೊಂದು ಚಿಗುರು ಬರಲ್ಲ. ಹಾಗಾಗಿ ತೀರ್ಮಾನ ಸುಳಿ ನೋಡಿಯೇ ಆಗಬೇಕು.

ಮೊದಲ ವಾರ

- ಸುಟ್ಟ ಕೇಬಲ್, ಸ್ಟಾರ್ಟರ್ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಬೆಂಕಿ ಕಂಡ ತಕ್ಷಣ ಮಾತ್ರ 112 ಅಥವಾ 101.
- ಏನನ್ನೂ ತೆಗೆಯೋ ಮೊದಲು ಫೋನಿನಲ್ಲಿ ಲೊಕೇಶನ್ ಆನ್ ಮಾಡಿ ಪ್ರತಿ ಮರದ ಫೋಟೋ ತೆಗೆಯಿರಿ. ಮರಕ್ಕೆ ಬಣ್ಣದಲ್ಲಿ ನಂಬರ್ ಬರೆಯಿರಿ.
- ಗ್ರಾಮ ಆಡಳಿತಾಧಿಕಾರಿ ಮತ್ತು ತೋಟಗಾರಿಕೆ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಮಹಜರು ಮಾಡಿಸಿ. ಅಗ್ನಿಶಾಮಕ ಠಾಣೆಯ ವರದಿ, ಪಹಣಿ ಜೊತೆಗಿರಲಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ತೆಂಗು ಅಂತಲೇ ದಾಖಲಾಗಿದೆಯಾ ನೋಡಿಕೊಳ್ಳಿ.

ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ. 2022–26ರ ನಿಯಮದಂತೆ, 33% ಅಥವಾ ಹೆಚ್ಚು ನಷ್ಟವಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂ., ಗರಿಷ್ಠ 2 ಹೆಕ್ಟೇರ್. ತೆಂಗು ಅಭಿವೃದ್ಧಿ ಮಂಡಳಿಯ ತೆಂಗಿನ ಮರ ವಿಮಾ ಯೋಜನೆಯಲ್ಲಿ ಆಕಸ್ಮಿಕ ಬೆಂಕಿಗೂ ರಕ್ಷಣೆ ಉಂಟು. ನಾನು ಮಾಡಿಸಿರಲಿಲ್ಲ. ಈ ವರ್ಷ ನಿಮ್ಮ ತಾಲ್ಲೂಕಿನಲ್ಲಿ ಅದು ನಡೀತಿದೆಯಾ ಅಂತ ಇಲಾಖೆಯಲ್ಲಿ ಕೇಳಿ.

ಮರ ಉಳಿಸೋ ಕೆಲಸ

ಮೊದಲು ನೀರು. ಡ್ರಿಪ್ ಇಲ್ಲದಿದ್ದರೆ ಪಾತಿ ಮಾಡಿ ಹಾಯಿಸಿ. ಬೇರು ಒಣಗದಂತೆ ಪಾತಿಗೆ ತೆಂಗಿನ ಸಿಪ್ಪೆ ಮುಚ್ಚಿ. ಎಲೆಯೇ ಇಲ್ಲದ ಮರಕ್ಕೆ ಒಮ್ಮೆಲೇ ರಾಶಿ ಗೊಬ್ಬರ ಹಾಕಬೇಡಿ. ಹೊಸ ಗರಿ ಬಿಚ್ಚಿದ ಮೇಲೆ ಕಂತಿನಲ್ಲಿ ಕೊಡಿ.

ಪೂರ್ತಿ ಒಣಗಿದ ಗರಿ ಮಾತ್ರ ತೆಗೆಯಿರಿ. ಅರ್ಧ ಹಸಿರಿದ್ದರೂ ಅದೇ ಈಗ ಮರಕ್ಕೆ ಅನ್ನ ಬೇಯಿಸೋದು. ಕತ್ತರಿಸಲೇಬೇಕಾದರೆ ಮೂರು-ನಾಲ್ಕು ಅಡಿ ಮಟ್ಟೆ ಬಿಟ್ಟು ಕತ್ತರಿಸಿ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತೆ.

ಕಾಂಡ ಬಿರಿದ ಕಡೆ ಬೋರ್ಡೋ ಮುಲಾಮು ಬಳಿಯಿರಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ಆಮೇಲೆ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ. ಸುಳಿ ಕೊರೆಯೋ ದುಂಬಿಗೆ ಬೇವಿನ ಹಿಂಡಿ 250 ಗ್ರಾಂ, ಅಷ್ಟೇ ಮರಳು ಬೆರೆಸಿ ಸುಳಿ ಪಕ್ಕದ ಮಟ್ಟೆ ಸಂದಿಗಳಿಗೆ ತುಂಬಿ. ಸತ್ತ ಮರದ ದಿಮ್ಮಿ ತೋಟದಲ್ಲಿ ಕೊಳೆಯಲು ಬಿಡಬೇಡಿ, ಅದೇ ದುಂಬಿಯ ಮನೆ.

ಎಷ್ಟು ದಿನ ಕಾಯೋದು?

ನಾನು 15 ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು, ಜೂಮ್ ಮಾಡಿ ಪ್ರತಿ ಸುಳಿಯ ಫೋಟೋ ತೆಗೆದೆ. ಹಿಂದಿನ ಫೋಟೋ ಪಕ್ಕ ಇಟ್ಟರೆ ಬೆಳೆದಿದೆಯಾ ಇಲ್ಲವಾ ಗೊತ್ತಾಗುತ್ತೆ. ಚೆನ್ನಾಗಿರೋ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತೆ, ಸುಟ್ಟದ್ದು ನಿಧಾನ. ಮೂರು ತಿಂಗಳು ಕಾದೆ. ಸುಳಿ ಎಳೆದರೆ ಕೈಗೆ ಬಂದು ಕೊಳೆತ ವಾಸನೆ ಬಂದ ಮರಗಳು 6. ಅವನ್ನು ತೆಗೆಸಿದೆ. ಉಳಿದ 27 ಬದುಕಿದವು. ಖಾಲಿ ಜಾಗಕ್ಕೆ ತಿಪಟೂರು ಟಾಲ್ ಸಸಿ ಇಟ್ಟಿದ್ದೀನಿ.

ಫಸಲಿಗೆ ಮಾತ್ರ ತಾಳ್ಮೆ ಬೇಕು. ಮರದ ತಲೆ ಮತ್ತೆ 30 ಗರಿ ಕಟ್ಟೋಕೆ ಎರಡೂವರೆ, ಮೂರು ವರ್ಷ. ಹೊಂಬಾಳೆ ಬಿಚ್ಚಿ ಕಾಯಿ ಬಲಿಯೋಕೆ ಮತ್ತೆ ಒಂದು ವರ್ಷ. ಅಷ್ಟರವರೆಗೆ ತೋಟದ ನಡುವೆ ಹುರುಳಿ, ಅಲಸಂದೆ ಹಾಕಿ.

ಬೇಲೂರು, ಹಳೇಬೀಡು ಕಡೆಯವರಿಗೆ

ಅಡಿಕೆಗೂ ಒಂದೇ ಸುಳಿ, ಅದೇ ಪರೀಕ್ಷೆ. ಕಾಫಿ ಗಿಡವಾದರೆ ತೊಗಟೆ ಉಗುರಲ್ಲಿ ಕೆರೆದು ನೋಡಿ. ಬುಡದಲ್ಲಿ ಹಸಿರಿದ್ದರೆ ಗಿಡ ಕೀಳಬೇಡಿ, ಮೇಲಿನದ್ದು ಕತ್ತರಿಸಿದರೆ ಬುಡದಿಂದ ಚಿಗುರುತ್ತೆ. ಹುಲ್ಲಿನ ಬಣವೆ ಮನೆ, ಕರೆಂಟ್ ಲೈನಿನಿಂದ ದೂರ ಇರಲಿ.

ಅನುಮಾನ ಬಂದರೆ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರ ಅಥವಾ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಈಗ ನಾನು ಜನವರಿಯಲ್ಲೇ ಬದುವಿನುದ್ದಕ್ಕೂ ಹತ್ತಡಿ ಉಳುಮೆ ಮಾಡಿ ಬೆಂಕಿಗೆ ಅಡ್ಡಗೆರೆ ಹಾಕ್ತೀನಿ. ಹುಲ್ಲನ್ನು ಕೊಚ್ಚಿ ಪಾತಿಗೆ ಹಾಕ್ತೀನಿ, ಕಡ್ಡಿ ಗೀರಲ್ಲ. ಆರನೇ ಮರದ ಬುಡದಲ್ಲಿ ಗರಗಸದ ಗುರುತು ಇನ್ನೂ ಇದೆ. ಹೋದ ತಿಂಗಳು ಅದು ಹೊಂಬಾಳೆ ಬಿಟ್ಟಿತು. ಅಪ್ಪನೇ ಕರೆದು ತೋರಿಸಿದರು.